ಜಕಾತಿಯ ಬೇಲಿ ಕಿತ್ತ ಮೇಲೆ ಬೆಳೆ ಯಾರದು?

ಪರದೇಶದ ಮೋಟಾರು ಗಾಡಿಗಳಿಗೆ ನಮ್ಮ ಬಾಗಿಲನ್ನು ಎಷ್ಟು ತೆರೆಯಬೇಕೆಂಬುದು ಇನ್ನು ಕೇವಲ ಸಿರಿವಂತರ ವಿಲಾಸದ ಪ್ರಶ್ನೆಯಾಗಿ ಉಳಿದಿಲ್ಲ. 2025ರ ಜುಲೈ 24ರಂದು ಭಾರತವೂ ಬ್ರಿಟನ್ನೂ ಸಹಿ ಹಾಕಿದ ವ್ಯಾಪಾರದ ಕರಾರಿನಲ್ಲಿ, ನೂರಕ್ಕೆ 110ರವರೆಗೆ ಇದ್ದ ಮೋಟಾರು ಜಕಾತಿಯನ್ನು, ಗೊತ್ತುಪಡಿಸಿದ ಸಂಖ್ಯೆಯ ಗಾಡಿಗಳ ಮಟ್ಟಿಗೆ, ಕ್ರಮಕ್ರಮವಾಗಿ ನೂರಕ್ಕೆ 10ಕ್ಕೆ ಇಳಿಸಲು ನಮ್ಮವರು ಒಪ್ಪಿದರು. 2026ರ ಜನವರಿ 27ರಂದು ಐರೋಪ್ಯ ಒಕ್ಕೂಟದೊಡನೆ ಮಾತುಕತೆ ಮುಗಿಯಿತೆಂದು ಸಾರಿದಾಗಲೂ, ವರ್ಷಕ್ಕೆ ಎರಡೂವರೆ ಲಕ್ಷ ಗಾಡಿಗಳ ಮಿತಿಯೊಡನೆ, ಇದೇ ತೆರನಾದ ಇಳಿತವು ಪ್ರಕಟವಾಯಿತು. ಇದನ್ನೋದಿ ಕೆಲವರು ಹರ್ಷಪಟ್ಟರು. ಕೆಲವರು ಎದೆ ಬಡಿದುಕೊಂಡರು. ನಾವು ಈ ಎರಡು ಪಂಗಡಗಳಿಗೂ ಸೇರಿದವರಲ್ಲ. ಹರ್ಷಕ್ಕೂ ಶೋಕಕ್ಕೂ ಮೊದಲು ಲೆಕ್ಕ ಕೇಳತಕ್ಕವರು ನಾವು.

ಜರ್ಮನಿಯ ಗಾಡಿ ಅಗ್ಗವಾದರೆ ಊರ ಶಾಲೆಯ ಮಾಸ್ತರರಿಗೇನು ನಷ್ಟವೆಂದು ಕೇಳುವವರುಂಟು. ಮೋಟಾರು ಗಾಡಿಯೆಂಬುದು ಒಂದು ವಸ್ತುವಲ್ಲ, ಸಾವಿರಾರು ವಸ್ತುಗಳ ಕೂಟ. ಬೆಳಗಾವಿಯ ಎರಕದ ಕಾರಖಾನೆಗಳೂ ಬೆಂಗಳೂರಿನ ಪೀಣ್ಯದ ಸಣ್ಣ ಯಂತ್ರಶಾಲೆಗಳೂ ಈ ಉದ್ಯಮದ ಅನ್ನವನ್ನುಣ್ಣುತ್ತಿವೆ. ದೊಡ್ಡ ಕಾರಖಾನೆಗೆ ನೆಗಡಿ ಬಂದರೆ ಈ ಸಣ್ಣವುಗಳಿಗೆ ಜ್ವರ ಬರುವುದು. ಅಲ್ಲಿ ದುಡಿಯುವವರು ಅದೇ ಮಾಸ್ತರರ ಶಿಷ್ಯರೇ ಅಲ್ಲವೇ?

ಕಣ್ಣಿದ್ದವರಿಗೆ ಆಸ್ಟ್ರೇಲಿಯದ ಕಥೆಯೊಂದೇ ಸಾಕು. 1948ರ ನವೆಂಬರಿನಲ್ಲಿ ಆ ದೇಶದ ಪ್ರಧಾನಿ ಬೆನ್ ಚಿಫ್ಲಿಯವರು ಮೊದಲ ಹೋಲ್ಡನ್ ಗಾಡಿಯನ್ನು ಲೋಕಕ್ಕೆ ತೋರಿದರು. 1980ರ ದಶಕದಲ್ಲಿ ನೂರಕ್ಕೆ 57.5ರಷ್ಟಿದ್ದ ಜಕಾತಿಯು 2005ರಲ್ಲಿ 10ಕ್ಕೂ 2010ರಲ್ಲಿ 5ಕ್ಕೂ ಇಳಿಯಿತು. 2005ರ ಜನವರಿ 1ರಂದು ಥಾಯ್ಲೆಂಡಿನೊಡನೆ ಮುಕ್ತ ವ್ಯಾಪಾರದ ಕರಾರು ಜಾರಿಗೆ ಬಂದಿತು. ಥಾಯ್ಲೆಂಡವೂ ದೊಡ್ಡ ಗಾಡಿಗಳ ಮೇಲಿನ ಜಕಾತಿಯನ್ನು ತೆಗೆಯಿತೆಂಬುದು ನಿಜ. ಆದರೆ ಯಂತ್ರದ ಗಾತ್ರ ಹೆಚ್ಚಿದಷ್ಟೂ ಏರುವ ಒಳನಾಡಿನ ತೆರಿಗೆಯೊಂದು ಅಲ್ಲಿ ಹಾಗೆಯೇ ನಿಂತಿತು. ಭಾರೀ ಯಂತ್ರವುಳ್ಳ ಆಸ್ಟ್ರೇಲಿಯದ ಫೋರ್ಡ್ ಟೆರಿಟರಿಗೆ ಮುಂಬಾಗಿಲು ತೆರೆದಿದ್ದರೂ ಪಡಸಾಲೆಯ ಬಾಗಿಲು ಮುಚ್ಚಿದಂತಾಯಿತು. ಇತ್ತ ಥಾಯ್ಲೆಂಡಿನಲ್ಲಿ ತಯಾರಾದ ಪಿಕಪ್ ಗಾಡಿಗಳು ಆಸ್ಟ್ರೇಲಿಯದ ಪೇಟೆಗೆ ನಿರಾತಂಕವಾಗಿ ಹರಿದು ಬಂದವು. ಅವನ್ನು ತಂದವರಾರು? ಅದೇ ಫೋರ್ಡ್, ಅದೇ ಟೊಯೋಟಾ! ಅಂಗಡಿಯ ಫಲಕ ಬದಲಾಗಲಿಲ್ಲ. ಕೆಲಸ ಮಾತ್ರ ಕಡಲು ದಾಟಿತು. 2008ರಲ್ಲಿ ಮಿತ್ಸುಬಿಷಿ, 2016ರ ಅಕ್ಟೋಬರಿನಲ್ಲಿ ಫೋರ್ಡ್, 2017ರ ಅಕ್ಟೋಬರಿನಲ್ಲಿ ಟೊಯೋಟಾ ಮತ್ತು ಹೋಲ್ಡನ್, ಹೀಗೆ ಒಂದೊಂದಾಗಿ ಎಲ್ಲವೂ ಅಲ್ಲಿ ಗಾಡಿ ಮಾಡುವುದನ್ನು ನಿಲ್ಲಿಸಿದವು.

ಇದೆಲ್ಲಕ್ಕೂ ಕರಾರೊಂದೇ ಕಾರಣವೆಂದು ನಾವು ಹೇಳಲಾರೆವು. ಅಲ್ಲಿನ ಪೇಟೆ ಚಿಕ್ಕದು, ಕೂಲಿ ಹೆಚ್ಚು, ನಾಣ್ಯದ ಬೆಲೆಯೂ ಆಗ ಏರಿತ್ತು, ಸರಕಾರದ ಸಹಾಯಧನವೂ ಬತ್ತಿತು. ಆದರೆ ನಾಲ್ಕು ಕಡೆಯಿಂದ ಗಾಳಿ ಬೀಸುವಾಗ ಬೇಲಿಯನ್ನು ಕಿತ್ತವನು, ಬೆಳೆ ಕೆಡೆದುದಕ್ಕೆ ಗಾಳಿಯನ್ನೇ ದೂರುವುದು ನ್ಯಾಯವೇ?

ಇನ್ನು ಎದುರು ಪಕ್ಷದವರ ಮಾತನ್ನೂ ಕೇಳೋಣ. ಬೇಲಿ ಎತ್ತರವಾದರೆ ಒಳಗಿನವನು ಸೋಮಾರಿಯಾಗುವನೆಂದು ಅವರೆನ್ನುತ್ತಾರೆ. ಇದು ಸುಳ್ಳಲ್ಲ. ನಮ್ಮ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿಯೇ ದೇಶೀಯ ಮೋಟಾರು ಕಾರಖಾನೆಗೆ ಯೋಜನೆ ಸಿದ್ಧಪಡಿಸಿ ಹೋರಾಡಿದರು. ಅಂದಿನ ಪರಕೀಯ ಸರಕಾರವು ಕೈಗೂಡಿಸಲಿಲ್ಲ. ಸ್ವಾತಂತ್ರ್ಯಾನಂತರ ಬೇಲಿಯೇನೋ ಎದ್ದಿತು. ಆದರೆ ಆ ಮಹನೀಯರು ಬಯಸಿದ ಶಿಸ್ತು ಅದರೊಡನೆ ಬರಲಿಲ್ಲ. ಹೆಚ್ಚು ಮಾರ್ಪಡದ ಅದೇ ಅಂಬಾಸಿಡರಿಗಾಗಿ ಗಿರಾಕಿಗಳು ವರುಷಗಟ್ಟಲೆ ಕಾದರು. 1983ರಲ್ಲಿ ಜಪಾನಿನ ಸುಜುಕಿಯ ಪಾಲುಗಾರಿಕೆಯಿಂದ ಮಾರುತಿ ಹೊರಬಂದ ಮೇಲೆಯೇ ಜನರು ಹೊಸ ತೆರನಾದ ಗಾಡಿಯ ಮುಖ ಕಂಡರು. ಹೊರನಾಡಿನ ವ್ಯಾಪಾರದಿಂದ ನಮಗೆ ಲಾಭವೂ ಉಂಟು. ಬಿಡದಿಯಲ್ಲಿ ತಯಾರಾದ ಗೇರುಪೆಟ್ಟಿಗೆಗಳು ಥಾಯ್ಲೆಂಡ್ ಮೊದಲಾದ ದೇಶಗಳ ಕಾರಖಾನೆಗಳಿಗೆ ಹೋಗಿವೆ. ಆದುದರಿಂದ ಕದವನ್ನೇ ಮುಚ್ಚಿರೆಂದು ನಾವು ಕೂಗುವುದಿಲ್ಲ. ಕದಕ್ಕೆ ಅಗುಳಿಯಿರಲಿ, ಅಗುಳಿಯು ನಮ್ಮ ಕೈಯಲ್ಲಿರಲಿ ಎನ್ನುತ್ತೇವೆ.

ನಮ್ಮ ಬೇಡಿಕೆಗಳು ಮೂರು. ಒಂದನೆಯದಾಗಿ, ಗಾಡಿಗಳ ಸಂಖ್ಯೆಗೆ ಕಟ್ಟಿದ ಮಿತಿಯೂ ಜಕಾತಿ ಇಳಿಸುವ ಕಾಲಕ್ರಮವೂ ಕಾಗದದ ಮೇಲಷ್ಟೇ ಉಳಿಯಬಾರದು. ವರುಷ ವರುಷವೂ ಎಷ್ಟು ಗಾಡಿ ಬಂದಿತು, ಎಷ್ಟು ಕೆಲಸ ಹೋಯಿತು ಎಂಬ ಲೆಕ್ಕವನ್ನು ಜನರ ಮುಂದಿಡಬೇಕು. ಎರಡನೆಯದಾಗಿ, ಗಾಡಿಯ ಹುಟ್ಟೂರಿನ ನಿಯಮವು ಬಿಗಿಯಾಗಿರಬೇಕು. ಮೂರನೆಯ ದೇಶದ ಭಾಗಗಳನ್ನು ತರಿಸಿ, ನಾಲ್ಕು ತಿರುಪು ಬಿಗಿದು, ಕರಾರಿನ ದೇಶದ ಮುದ್ರೆ ಒತ್ತಿ ಕಳುಹಿಸಿದ ಗಾಡಿಗೆ ರಿಯಾಯಿತಿ ಸಲ್ಲದು. ಮೂರನೆಯದಾಗಿ, ಎದುರಿನವರ ಜಕಾತಿಯನ್ನಷ್ಟೇ ನೋಡದೆ ಅವರ ಒಳನಾಡಿನ ತೆರಿಗೆಗಳನ್ನೂ ಪರೀಕ್ಷೆಯ ಕಟ್ಟಳೆಗಳನ್ನೂ ನೋಡಬೇಕು. ಆಸ್ಟ್ರೇಲಿಯವು ಎಡವಿದ ಕಲ್ಲು ಇದೇ.

ವಾಚಕರೇ, ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ನಮ್ಮ ಹಿರಿಯರು ವಿನೋದಕ್ಕಾಗಿ ಕಟ್ಟಲಿಲ್ಲ. ಕರಾರುಗಳು ದಿಲ್ಲಿಯಲ್ಲಿ ಬರೆಯಲ್ಪಡುತ್ತವೆ. ಅವುಗಳ ಫಲವು ಬಿಡದಿಯಲ್ಲಿ, ಪೀಣ್ಯದಲ್ಲಿ, ಬೆಳಗಾವಿಯಲ್ಲಿ ಉಣ್ಣಲ್ಪಡುತ್ತದೆ. ಉಣ್ಣುವವರನ್ನು ಕೇಳದೆ ಬಡಿಸುವುದು ಯಾವ ಮನೆಯ ಮರ್ಯಾದೆ? ಕನ್ನಡ ನಾಡಿನಿಂದ ಆರಿಸಿ ಹೋದ ಪ್ರತಿನಿಧಿಗಳು ಈ ಮೂರು ಪ್ರಶ್ನೆಗಳನ್ನು ಸಂಸತ್ತಿನಲ್ಲಿ ಎತ್ತಲಿ. ಅವರು ಎತ್ತದಿದ್ದರೆ, ಅವರು ಮತ ಕೇಳಲು ಬಂದಾಗ ನಾವು ಎತ್ತೋಣ.