ಕೂಟ ಉಳಿಯಬೇಕಾದರೆ ಪಾಲು ಸರಿಯಿರಬೇಕು

ಸಣ್ಣ ವರ್ತಕರೂ ಕೈಗಾರಿಕೋದ್ಯಮಿಗಳೂ ಒಟ್ಟಾಗಿ ಖರೀದಿಸುವುದು, ಒಂದೇ ವಾಹನದಲ್ಲಿ ಸರಕು ತರಿಸುವುದು ಲಾಭಕರವೆಂಬುದರಲ್ಲಿ ಸಂದೇಹವಿಲ್ಲ. ಆದರೂ ಇಂತಹ ಅನೇಕ ಕೂಟಗಳು ಬಹುಕಾಲ ಬಾಳುವುದಿಲ್ಲ. ಸದಸ್ಯರಲ್ಲಿ ಒಗ್ಗಟ್ಟಿಲ್ಲವೆಂದು ದೂರುವುದು ವಾಡಿಕೆ. ನನ್ನ ಅಭಿಪ್ರಾಯದಲ್ಲಿ ದೋಷವಿರುವುದು ಹೆಚ್ಚಾಗಿ ಮನಸ್ಸಿನಲ್ಲಲ್ಲ, ಲೆಕ್ಕದಲ್ಲಿ.

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸೋಣ. ಕೆ.ಆರ್. ಪುರ, ಇಂದಿರಾನಗರ ಮತ್ತು ಶಿವಾಜಿನಗರದ ಮೂವರು ವರ್ತಕರು ಹೊಸಕೋಟೆಯ ಗೋದಾಮಿನಿಂದ ಹಳೆ ಮದ್ರಾಸು ರಸ್ತೆಯ ಮೂಲಕ ಸರಕು ತರಿಸುತ್ತಾರೆ. ಪ್ರತ್ಯೇಕವಾಗಿ ತರಿಸಿದರೆ ಬಾಡಿಗೆ ಕ್ರಮವಾಗಿ ರೂ. 600, ರೂ. 1,500 ಮತ್ತು ರೂ. 2,100, ಒಟ್ಟು ರೂ. 4,200. ಮೂವರ ಸರಕೂ ಒಂದೇ ವಾಹನದಲ್ಲಿ ಹಿಡಿಸಿದರೆ ಶಿವಾಜಿನಗರದವರೆಗಿನ ರೂ. 2,100 ಮಾತ್ರ. ಇದನ್ನು ಸಮನಾಗಿ ಹಂಚಿದರೆ ತಲಾ ರೂ. 700. ಆಗ ಕೆ.ಆರ್. ಪುರದವರು ಒಬ್ಬರೇ ತರಿಸುವುದಕ್ಕಿಂತ ರೂ. 100 ಹೆಚ್ಚು ತೆರಬೇಕಾಗುತ್ತದೆ. ಅವರು ಹೊರನಡೆದರೆ ಉಳಿದಿಬ್ಬರ ಹೊರೆ ತಲಾ ರೂ. 1,050ಕ್ಕೆ ಏರುತ್ತದೆ.

ಯಾವ ಸದಸ್ಯನಿಗಾಗಲಿ, ಸದಸ್ಯರ ಯಾವ ಉಪಗುಂಪಿಗಾಗಲಿ ಬೇರೆಯಾಗುವುದರಿಂದ ಲಾಭವಿಲ್ಲದಂತಹ ಹಂಚಿಕೆಗಳ ಸಮೂಹವನ್ನು ಸಹಕಾರಿ ಆಟ ಸಿದ್ಧಾಂತವು ‘ಕೋರ್’ ಎನ್ನುತ್ತದೆ. ಕೂಟದ ಸ್ಥಿರತೆಗೆ ಇದೇ ಒರೆಗಲ್ಲು. 2012ರ ಅರ್ಥಶಾಸ್ತ್ರ ನೊಬೆಲ್ ಪುರಸ್ಕೃತ ಲಾಯ್ಡ್ ಶಾಪ್ಲಿ ಅವರು ಪಾಲು ನಿರ್ಧಾರಕ್ಕೆ 1953ರಲ್ಲೇ ಸೂತ್ರವೊಂದನ್ನು ನೀಡಿದ್ದರು. 1973ರಲ್ಲಿ ಲಿಟಲ್‌ಚೈಲ್ಡ್ ಮತ್ತು ಓವನ್ ಅವರು ವಿಮಾನ ನಿಲ್ದಾಣದ ರನ್‌ವೇ ವೆಚ್ಚದ ಹಂಚಿಕೆಗೆ ಅದರ ಸರಳ ರೂಪವನ್ನು ತೋರಿಸಿದರು: ಪ್ರತಿಯೊಂದು ಭಾಗದ ವೆಚ್ಚವನ್ನು ಆ ಭಾಗವನ್ನು ಬಳಸುವವರು ಮಾತ್ರ ಸಮನಾಗಿ ಭರಿಸಬೇಕು.

ನಮ್ಮ ಉದಾಹರಣೆಗೆ ಇದನ್ನು ಅನ್ವಯಿಸಿದರೆ, ಮೊದಲ ರೂ. 600 ಮೂವರಿಗೆ, ಮುಂದಿನ ರೂ. 900 ಇಬ್ಬರಿಗೆ, ಕೊನೆಯ ರೂ. 600 ಶಿವಾಜಿನಗರದವರಿಗೆ ಮಾತ್ರ ಸೇರುತ್ತದೆ. ಅಂದರೆ ಪಾಲುಗಳು ರೂ. 200, ರೂ. 650 ಮತ್ತು ರೂ. 1,250. ಈಗ ಒಬ್ಬರಾಗಲಿ ಇಬ್ಬರಾಗಲಿ ಬೇರೆಯಾದರೆ ಅವರಿಗೇ ನಷ್ಟ.

1905ರಲ್ಲೇ ಗದಗ ಸಮೀಪದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು. ಸದಸ್ಯನೊಬ್ಬನಿಗೆ ಒಂದು ಮತವೆಂಬ ಸಹಕಾರ ತತ್ತ್ವ ಆಡಳಿತಕ್ಕೆ ಯೋಗ್ಯವೇ ಸರಿ. ಆದರೆ ಸಮಾನ ಮತವೆಂದರೆ ಸಮಾನ ವೆಚ್ಚವೆಂದು ಭಾವಿಸಬಾರದು.

ಎಲ್ಲ ವ್ಯವಹಾರಗಳಲ್ಲೂ ಸ್ಥಿರ ಹಂಚಿಕೆ ದೊರೆಯುವುದೆಂಬ ಭರವಸೆಯಿಲ್ಲ. ದೊರೆಯದಿದ್ದಲ್ಲಿ ಕೂಟ ಕಟ್ಟದಿರುವುದೇ ಲೇಸು. ಆದ್ದರಿಂದ ವರ್ತಕ ಬಂಧುಗಳು ಕೂಟ ರಚಿಸುವ ಮುನ್ನ ಪ್ರತಿಯೊಬ್ಬರ ಪ್ರತ್ಯೇಕ ವೆಚ್ಚವನ್ನೂ, ಸಾಧ್ಯವಿರುವ ಪ್ರತಿ ಜೋಡಿಯ ವೆಚ್ಚವನ್ನೂ ಬರೆದಿಟ್ಟು, ಹಂಚಿಕೆಯ ಸೂತ್ರ ಮತ್ತು ನಿರ್ಗಮನದ ಷರತ್ತುಗಳನ್ನು ಕರಾರಿನಲ್ಲಿ ನಮೂದಿಸುವುದು ಉಚಿತ. ಸ್ನೇಹದಿಂದ ಕೂಟ ಆರಂಭವಾಗಬಹುದು. ಅದು ಬಾಳುವುದು ನ್ಯಾಯವಾದ ಲೆಕ್ಕದಿಂದ.