ಕದ್ದ ಕೈಗೆ ಬುದ್ಧಿ, ಕೂಸಿಗೆ ಕಳ್ಳನ ಪಟ್ಟ ಬೇಡ

ಕಪನೂರಿನ ಒಂದು ಮನೆ ಎಂದುಕೊಳ್ಳಿ. ದಾಲ್ ಮಿಲ್ಲಿನಿಂದ ತೊಗರಿ ಧೂಳು ಮೆತ್ತಿಕೊಂಡು ಬಂದ ತಾಯಿ ಮಗನ ಚೀಲದಾಗ ದೋಸ್ತನ ಕಂಪಾಸ್ ಡಬ್ಬಿ ಕಾಣುತ್ತಾಳೆ. ಯಾಕ ತಂದಿ ಎಂದು ಕೇಳುವುದಿಲ್ಲ. ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ನಾಲ್ಕು ಮಂದಿ ಎದುರು ಬಡಿಯುತ್ತಾಳೆ. "ನಾವು ಕಳ್ಳರಲ್ರೀ, ನೋಡ್ರಿ, ನಾವೇ ಹೊಡಿಲತ್ತೀವಿ!"

ಆ ಏಟು ಅಂಜಿಕೆಯದು. ತಾನು ಹೊಡೆಯದಿದ್ದರೆ ಇನ್ಯಾರೋ ಹೊಡೆದಾರು ಎಂಬ ಅಂಜಿಕೆ.

ಅಂಜಿಕೆ ಸುಳ್ಳೇನಲ್ಲ. 2022ರ ಸೆಪ್ಟೆಂಬರಿನಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿ ತಾಲೂಕಿನ ಹಳ್ಳಿಯೊಂದರಲ್ಲಿ, ಹುಡುಗರ ಜೊತೆ ಆಡುತ್ತಿದ್ದ ದಲಿತ ಬಾಲಕ ಹುಡುಗಿಯೊಬ್ಬಳ ಕಿವಿಯೋಲೆ ಕದ್ದನೆಂದು ಹೇಳಿ ಮೇಲ್ಜಾತಿಯವರು ಅವನನ್ನು ಕಂಬಕ್ಕೆ ಕಟ್ಟಿ ಥಳಿಸಿದರೆಂದು ದೂರು ದಾಖಲಾಯಿತು. ಬಿಡಿಸಲು ಬಂದ ತಾಯಿಗೂ ಏಟು ಬಿತ್ತು. ಕದ್ದನೋ ಇಲ್ಲವೋ ಎಂದು ವಿಚಾರಿಸುವ ತಾಳ್ಮೆ ಯಾರಿಗಿತ್ತು? ಜಾತಿಯೇ ಸಾಕ್ಷಿ, ಕಂಬವೇ ಕೋರ್ಟು!

ಹುಟ್ಟಿನಿಂದಲೇ ಕಳ್ಳರೆಂಬ ಮಾತನ್ನು ಬ್ರಿಟಿಷರು 1871ರಲ್ಲಿ ಕಾಯಿದೆಯನ್ನೇ ಮಾಡಿದರು. ಸೊಲ್ಲಾಪುರ, ಹುಬ್ಬಳ್ಳಿಗಳಲ್ಲಿ ಇಡೀ ಸಮುದಾಯಗಳನ್ನು ಸೆಟ್ಲ್‌ಮೆಂಟುಗಳಲ್ಲಿ ಕೂಡಿಹಾಕಿದರು. ಹೆತ್ತವರಿಂದ ಕೂಸುಗಳನ್ನು ಕಿತ್ತು ಸುಧಾರಣಾ ಶಾಲೆಗೆ ತಳ್ಳುವ ಅಧಿಕಾರವೂ 1924ರ ಕಾಯಿದೆಯಲ್ಲಿತ್ತು. 1952ರಲ್ಲಿ ಆ ಕಾಯಿದೆ ಸತ್ತಿತು. ಆದರೆ ತರಗತಿಯಲ್ಲಿ ಪೆನ್ನು ಕಳೆದ ಕೂಡಲೇ ಮೊದಲು ಯಾವ ಕೇರಿಯ ಹುಡುಗನ ಚೀಲ ಝಾಡಿಸುತ್ತಾರೆ? ಅಲ್ಲಿ ಅದು ಇನ್ನೂ ಉಸಿರಾಡುತ್ತಿದೆ.

ಭಾಷೆಯ ಮೋಸವನ್ನೂ ನೋಡಿ. ಸರ್ಕಾರಿ ಭೂಮಿ ನುಂಗಿದವನು ಒತ್ತುವರಿದಾರ. ಬ್ಯಾಂಕಿಗೆ ಕೋಟಿ ಕೋಟಿ ಮುಳುಗಿಸಿದವನು ಸುಸ್ತಿದಾರ. ಪೆನ್ಸಿಲು ಎತ್ತಿದ ಎಂಟು ವರ್ಷದ ಕೂಸು ಮಾತ್ರ ಕಳ್ಳ!

ಹಾಗೆಂದು ಕದ್ದದ್ದು ಸರಿ ಎಂದು ನಾವು ಹೇಳುವವರಲ್ಲ. ಡಬ್ಬಿ ಕಳೆದುಕೊಂಡ ಹುಡುಗನೂ ಬಡವರ ಮಗನೇ. ಅವನಪ್ಪನೂ ಹಮಾಲಿ ಮಾಡಿ ಅದನ್ನು ಕೊಂಡಿದ್ದಾನು. ಅವನ ಅಳುವನ್ನು ನಮ್ಮ ಬಡತನದ ಹೆಸರಿನಲ್ಲಿ ಮುಚ್ಚಿದರೆ ಅದೂ ಅನ್ಯಾಯವೇ.

ಆದ್ದರಿಂದ ನಮ್ಮ ತಾಯಂದಿರಿಗೆ, ಅಪ್ಪಂದಿರಿಗೆ ನಮ್ಮ ಮಾತಿಷ್ಟು. ಕೂಸನ್ನು ಒಂದು ಕಡೆ ಕೂಡಿಸಿಕೊಂಡು ಕೇಳ್ರಿ. ಆಸೆಗೆ ತಂದನೋ, ಇಲ್ಲದ್ದಕ್ಕೆ ತಂದನೋ, ಆ ದೋಸ್ತನ ಮ್ಯಾಲಿನ ಸಿಟ್ಟಿಗೆ ತಂದನೋ ತಿಳಕೊಳ್ರಿ. ಮರುದಿನ ನೀವೇ ಜೊತೆಗೆ ಹೋಗಿ, ಅವನ ಕೈಯಿಂದಲೇ ದೋಸ್ತನ ಕೈಗೆ ಡಬ್ಬಿ ಕೊಡಿಸ್ರಿ. "ತಪ್ಪಾಯ್ತೋ" ಎಂದು ಅವನ ಬಾಯಿಂದಲೇ ಬರಲಿ. ಮುರಿದಿದ್ದರೆ ಹೊಸದು ತಂದು ಕೊಡ್ರಿ. ಅದಕ್ಕಾಗಿ ಅವನ ತಿಂಡಿಯ ಕಾಸೂ ಒಂದಿಷ್ಟು ಹೋಗಲಿ. ಅಲ್ಲಿಗೆ ಮುಗೀತು. ಆಮೇಲೆ ಯಾವ ಜಗಳದಾಗೂ ಅದನ್ನು ಎತ್ತಬ್ಯಾಡ್ರಿ. ತಪ್ಪು ಒಪ್ಪಿಕೊಂಡವನಿಗೆ ಏಟು ಕೊಟ್ಟರೆ ಅವನು ಕಲಿಯುವುದು ಸುಳ್ಳು ಹೇಳುವುದನ್ನು.

ಮಾಸ್ತರರಿಗೂ ಒಂದು ಮಾತು. ಕೂಸುಗಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಕಲಮು ನಿಷೇಧಿಸಿದೆ. ಕಾನೂನಿನ ಕಟ್ಟೆ ಏರಿದ ಮಗುವಿನ ವಿಚಾರಣೆಯಲ್ಲೂ ಆರೋಪದ ಮಾತು, ಕಳಂಕದ ಮಾತು ಬಳಸಬಾರದೆಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ಪೊಲೀಸರಿಗೇ ಇಲ್ಲದ ಅಧಿಕಾರ ನಿಮ್ಮ ಬೆತ್ತಕ್ಕೆ ಎಲ್ಲಿಂದ ಬಂತು? ಚೀಲ ಝಾಡಿಸಲೇಬೇಕೆಂದರೆ ಗೌಡರ ಮಗನದ್ದನ್ನೂ ಝಾಡಿಸಿ. ಸಂಶಯ ಸುಳ್ಳಾದರೆ ತರಗತಿಯ ಎದುರೇ ಆ ಕೂಸಿನ ಕ್ಷಮೆ ಕೇಳಿ. ಕೇಳುವ ಎದೆ ಇದೆಯೇ?

ಡಬ್ಬಿ ಹೋದರೆ ಮರಳಿ ಬರುತ್ತದೆ. ಕೂಸಿನ ಹೆಸರಿಗೆ ಕಳ್ಳನೆಂದು ಅಂಟಿಸಿದರೆ ನೀವು ಕದ್ದದ್ದು ಅವನ ಮಾನವನ್ನು. ಅದನ್ನು ಯಾರು ಮರಳಿಸುತ್ತೀರಿ?