‘ಮನೆಯಲ್ಲಿ ಯಾರೂ ಇಲ್ಲ, ಹೇಳು’

ಇದು ಫೋನಿನಲ್ಲಿ ನಾನೇ ಆಡಿದ ಮಾತು. ಗೆಳತಿ ಏನೋ ಹೇಳಲು ಹಿಂಜರಿಯುತ್ತಿದ್ದಳು. ‘ಮನೆಯಲ್ಲಿ ಯಾರೂ ಇಲ್ಲ, ಹೇಳು’ ಎಂದೆ. ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುವ ಸದ್ದು ಒಂದು ಗಳಿಗೆ ನಿಂತು, ಮತ್ತೆ ಶುರುವಾಯಿತು. ಒಂಬತ್ತು ವರ್ಷದಿಂದ ನಮ್ಮ ಮನೆಗೆ ಬರುತ್ತಿರುವ, ನನಗಿಂತ ಹಿರಿಯರಾದ ಹೆಣ್ಣುಮಗಳು ಅಲ್ಲಿದ್ದರು. ನಾನು ಸುಳ್ಳು ಹೇಳಿರಲಿಲ್ಲ, ಸಂಕಟ ಇರುವುದು ಅಲ್ಲೇ. ನನ್ನ ಲೆಕ್ಕದಲ್ಲಿ ನಿಜಕ್ಕೂ ಮನೆಯಲ್ಲಿ ಯಾರೂ ಇರಲಿಲ್ಲ.

ಮನುಷ್ಯರ ನಿಜವಾದ ಗುಣ ಒಬ್ಬರೇ ಇದ್ದಾಗ ಕಾಣುತ್ತದೋ ನಾಲ್ಕು ಜನರ ನಡುವೆಯೋ ಎಂದು ಬಹಳ ಕಾಲದಿಂದ ಚರ್ಚಿಸುತ್ತಾ ಬಂದಿದ್ದೇವೆ. ನಾಲ್ಕು ಜನರೆದುರು ನಾವೆಲ್ಲ ಸಭ್ಯರೇ. ಕದ ಹಾಕಿಕೊಂಡು ಒಬ್ಬರೇ ಕೂತಾಗ ನಮ್ಮಿಂದ ನೋಯುವವರು ಯಾರೂ ಎದುರಿಗಿರುವುದಿಲ್ಲ. ನನಗೀಗ ಅನ್ನಿಸುವುದು ಇಷ್ಟು: ಪಕ್ಕದಲ್ಲೇ ಮನುಷ್ಯರಿದ್ದೂ ‘ಯಾರೂ ಇಲ್ಲ’ ಎಂದುಕೊಳ್ಳುತ್ತೇವಲ್ಲ, ಆಗ ನಾವು ಹೇಗಿರುತ್ತೇವೋ ಅದೇ ನಾವು. ಮನೆಕೆಲಸದವರ ಮುಂದೆ, ವಾಚ್‌ಮನ್ ಮುಂದೆ, ಕಸ ಒಯ್ಯಲು ಬಂದವರ ಮುಂದೆ.

ಬಾಳೆಹಣ್ಣಿನ ಕಥೆಯನ್ನು ನಾವೆಲ್ಲ ಬಾಲ್ಯದಲ್ಲೇ ಕೇಳಿದ್ದೇವೆ. ಯಾರೂ ಕಾಣದ ಕಡೆ ತಿಂದು ಬನ್ನಿ ಎಂದು ವ್ಯಾಸರಾಯರು ಶಿಷ್ಯರಿಗೆ ಒಂದೊಂದು ಹಣ್ಣು ಕೊಟ್ಟರಂತೆ. ಉಳಿದವರು ಕತ್ತಲೆಯ ಮೂಲೆ ಹುಡುಕಿಕೊಂಡು ತಿಂದು ಬಂದರು. ದೇವರಿಲ್ಲದ ಜಾಗ ಸಿಗಲಿಲ್ಲವೆಂದು ಕನಕದಾಸರು ಹಣ್ಣನ್ನು ಹಾಗೇ ತಂದರು. ಕಥೆ ಹೇಳುವಾಗ ಒಂದು ಮಾತನ್ನು ಬೇಗ ದಾಟಿಬಿಡುತ್ತೇವೆ. ಕುರುಬರ ಕನಕನನ್ನು ಆ ಶಿಷ್ಯರು ತಮ್ಮ ಸಮಕ್ಕೆ ಎಣಿಸುತ್ತಿರಲಿಲ್ಲ. ಹಾಗೆ ಲೆಕ್ಕದಿಂದ ಹೊರಗುಳಿದವರಿಗೇ ಎಲ್ಲ ಕಡೆಯೂ ಕಣ್ಣು ಕಂಡಿತು.

2006ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಸಿಬ್ಬಂದಿಯ ಕಾಫಿ ಕೋಣೆಯಲ್ಲಿ ತಾವಾಗಿಯೇ ಕಾಸು ಹಾಕಬೇಕಾದ ಒಂದು ಡಬ್ಬಿಯಿತ್ತು, ಕಾವಲಿಗೆ ಯಾರೂ ಇರಲಿಲ್ಲ. ದರಪಟ್ಟಿಯ ಮೇಲೆ ಒಂದು ವಾರ ಹೂವಿನ ಚಿತ್ರ, ಮರುವಾರ ದಿಟ್ಟಿಸುವ ಕಣ್ಣುಗಳ ಚಿತ್ರ ಹಾಕುತ್ತಾ ಹೋದರು. ಕಣ್ಣಿನ ವಾರಗಳಲ್ಲಿ ಬಿದ್ದ ಹಣ ಹೂವಿನ ವಾರಗಳದ್ದಕ್ಕಿಂತ ಹೆಚ್ಚುಕಡಿಮೆ ಮೂರು ಪಟ್ಟಾಗಿತ್ತು. ಕಾಗದದ ಕಣ್ಣಿಗೂ ಅಳುಕುವ ನಾವು, ನೆಲ ಒರೆಸುತ್ತಾ ತಲೆಯೆತ್ತಿ ನೋಡುವ ಜೀವಂತ ಕಣ್ಣುಗಳಿಗೆ ಯಾಕೆ ಅಳುಕುವುದಿಲ್ಲ?

ಆ ಕಣ್ಣು ಏನೆಲ್ಲ ಕಂಡಿದೆ ಎಂದು ಯೋಚಿಸಿ ನೋಡಿ. ಗಂಡ ಕೈಯೆತ್ತಿದ್ದನ್ನು ಕಂಡಿದೆ. ಮುದಿ ಅತ್ತೆಯ ತಟ್ಟೆಯನ್ನು ಸೊಸೆ ಕುಕ್ಕಿದ್ದನ್ನು ಕಂಡಿದೆ. ವೇದಿಕೆಯಲ್ಲಿ ಅಂಬೇಡ್ಕರ್ ಬಗ್ಗೆ ಗದ್ಗದಿತರಾಗಿ ಮಾತಾಡಿ ಬಂದ ಯಜಮಾನರು, ಬಾಡಿಗೆಗೆ ಮನೆ ಕೇಳಿ ಬಂದವರ ಜಾತಿ ವಿಚಾರಿಸಿದ್ದನ್ನು ಕೇಳಿದೆ. ಯುಟಿಲಿಟಿಯ ಕಿಟಕಿ ಕಟ್ಟೆಯ ಮೇಲೆ ತನಗೆಂದೇ ಬೇರೆ ಇಟ್ಟಿರುವ ಸ್ಟೀಲ್ ಲೋಟವನ್ನಂತೂ ದಿನವೂ ಕಾಣುತ್ತದೆ. ನಮ್ಮೆಲ್ಲರ ಎಂಜಲು ತಟ್ಟೆ ತೊಳೆಯುವ ಕೈ ಅದು, ಆ ಕೈ ಮುಟ್ಟಿದ ಲೋಟ ಮಾತ್ರ ನಮಗೆ ಆಗದು. ‘ಸ್ವಚ್ಛತೆಗೋಸ್ಕರ’ ಎನ್ನುತ್ತೇವೆ. ನೆಂಟರಿಗೆ ಹಾಗೆ ಬೇರೆ ಲೋಟ ಇಟ್ಟಿದ್ದೇವೆಯೇ?

ಅಸ್ಪೃಶ್ಯತೆಯನ್ನು ಯಾವ ರೂಪದಲ್ಲಿ ಆಚರಿಸುವುದೂ ನಿಷಿದ್ಧ ಎನ್ನುವ ಸಂವಿಧಾನದ 17ನೇ ವಿಧಿ ಜಾರಿಗೆ ಬಂದು, 1950ರಿಂದ ಲೆಕ್ಕ ಹಾಕಿದರೆ, ಮುಕ್ಕಾಲು ಶತಮಾನವಾಯಿತು. ಹೋಟೆಲಿನ ಎರಡು ಲೋಟದ ಪದ್ಧತಿಯನ್ನು ನಾಲ್ಕು ಜನ ನೋಡುತ್ತಾರೆ, ದೂರು ಕೊಡುತ್ತಾರೆ. ಅಡುಗೆಮನೆಯ ಎರಡನೇ ಲೋಟಕ್ಕೆ ಅದರಲ್ಲಿ ಕುಡಿಯುವವರೊಬ್ಬರೇ ಸಾಕ್ಷಿ. ಅವರು ಬಾಯಿಬಿಟ್ಟರೆ ಮರುದಿನದ ಕೆಲಸ ಹೋಯಿತು.

ಸರ್ಕಾರಕ್ಕೂ ಇದೇ ಎರಡು ಮುಖ. 2011ರ ಜೂನ್‌ನಲ್ಲಿ ಜಿನೀವಾದ ಸಭೆಯಲ್ಲಿ, ಜಗತ್ತಿನ ಎದುರು, ಮನೆಕೆಲಸದವರಿಗೆ ಘನತೆಯ ದುಡಿಮೆ ಸಿಗಬೇಕೆಂಬ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 189ನೇ ಒಪ್ಪಂದದ ಪರವಾಗಿ ಭಾರತ ಮತ ಹಾಕಿತು. ಊರಿಗೆ ಬಂದ ಮೇಲೆ ಅದನ್ನು ಅನುಮೋದಿಸಲಿಲ್ಲ. ಕರ್ನಾಟಕ 2004ರಲ್ಲೇ ಮನೆಕೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿತು. ಎಷ್ಟು ಮನೆಗಳಲ್ಲಿ ಆ ದರವನ್ನು ಯಾರಾದರೂ ತೆಗೆದು ನೋಡಿದ್ದಾರೆ? ನಾನು ನೋಡಿರಲಿಲ್ಲ.

ಇನ್ನು ನಮ್ಮ ನುಡಿ. ದೊಡ್ಡವರನ್ನು ಬಹುವಚನದಲ್ಲಿ ಕರೆಯುವುದನ್ನು ಮಕ್ಕಳಿಗೆ ಗದರಿಸಿ ಕಲಿಸುತ್ತೇವೆ. ಅದೇ ಮಗು ಅರವತ್ತು ದಾಟಿದ ಕೆಲಸದಾಕೆಗೆ ‘ಏಯ್, ಬಾ ಇಲ್ಲಿ’ ಎಂದಾಗ ಯಾರೂ ತಿದ್ದುವುದಿಲ್ಲ. ಯಾರು ಮನುಷ್ಯರು, ಯಾರು ‘ಯಾರೂ ಅಲ್ಲ’ ಎಂಬುದನ್ನು ಆ ಮಗು ಅವತ್ತೇ ಕಲಿತುಬಿಡುತ್ತದೆ. ನಮ್ಮ ಮನೆಗೆ ಬರುವವರೋ ತಮಗಿಂತ ಚಿಕ್ಕವಳಾದ ನನ್ನನ್ನು ‘ಅಕ್ಕಾ’ ಎನ್ನುತ್ತಾರೆ. ನಾನು ಒಂಬತ್ತು ವರ್ಷ ಅವರನ್ನು ‘ನೀನು’ ಎಂದೆ.

ಆ ಫೋನಾದ ಎರಡು ದಿನದ ಮೇಲೆ ಧೈರ್ಯ ಮಾಡಿ ಅವರ ಬಳಿ ಹೋದೆ. ‘ಅವತ್ತು ಹಾಗಂದುಬಿಟ್ಟೆ, ತಪ್ಪಾಯಿತು’ ಎಂದೆ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ‘ಅದಕ್ಯಾಕಕ್ಕಾ ಬೇಜಾರು, ಎಲ್ಲಾ ಮನೇಲೂ ಹಂಗೇ ಅಂತಾರೆ’ ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಎಲ್ಲಾ ಮನೆಗಳಲ್ಲೂ. ಅಂದರೆ ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಇರಬಹುದು. ದಯವಿಟ್ಟು ಎದ್ದು ಅಡುಗೆಮನೆಗೆ ಹೋಗಿ ನೋಡಿ. ಆ ಲೋಟ ಎಲ್ಲಿದೆ? ಸಂಬಳ ಕೊನೆಯ ಸಲ ಯಾವಾಗ ಹೆಚ್ಚಿಸಿದಿರಿ? ಜ್ವರ ಬಂದು ಮಲಗಿದ ದಿನಗಳ ದುಡ್ಡನ್ನು ಹಿಡಿದುಕೊಂಡಿರಾ? ವಾರಕ್ಕೊಂದು ರಜೆ ಕೇಳಿದರೆ ಮುಖ ಸಿಂಡರಿಸುತ್ತೀರಾ? ಇದನ್ನು ಸಮಾಜ ಬದಲಾಗುವ ದಿನಕ್ಕೆ ಮುಂದೂಡಬೇಡಿ, ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ರಜೆಯನ್ನು ಅವರ ಹಕ್ಕೆಂದು ಇಂದೇ ಹೇಳಿ. ಕೂರಲು ಕುರ್ಚಿ ಕೊಡಿ. ‘ನೀವು’ ಎನ್ನಿ. ಮೊದಲ ದಿನ ನಾಲಿಗೆ ತೊಡರುತ್ತದೆ, ನನಗೂ ತೊಡರಿತು. ಮುಂದಿನ ಸಲ ಫೋನಿನಲ್ಲಿ ಯಾರಾದರೂ ‘ಮನೆಯಲ್ಲಿ ಯಾರಿದ್ದಾರೆ?’ ಎಂದು ಕೇಳಿದರೆ ಅವರ ಹೆಸರು ಹೇಳಿ.

ನಾಳೆ ಬೆಳಿಗ್ಗೆ ಅವರು ಬರುವ ಹೊತ್ತಿಗೆ ಆ ಲೋಟ ಉಳಿದ ಲೋಟಗಳ ಜೊತೆಗಿರಲಿ, ಯಾವುದು ಅವರದ್ದೆಂದು ಗುರುತು ಹತ್ತದ ಹಾಗೆ.